ಅಂಚೆಯಲ್ಲೇ ಬರಲಿ

ನಮ್ಮ ಊರಿನಲ್ಲಿ ಮದುವೆಯ ಕಾಗದವನ್ನು ಅಂಚೆಗೆ ಹಾಕಿದರೆ ಕರೆಯದೇ ಇದ್ದ ಹಾಗೆ. ಹೇಳಿಕೆ ಎಂದರೆ ಮನೆಗೇ ಹೋಗಬೇಕು, ಚಪ್ಪಲಿ ಕಳಚಬೇಕು, ಕೊಟ್ಟ ಶರಬತ್ತು ಕುಡಿಯಬೇಕು, ‘ನೀವೆಲ್ಲ ಎರಡು ದಿನ ಮೊದಲೇ ಬಂದು ನಿಲ್ಲಬೇಕು’ ಎಂದು ಸುಳ್ಳಾದರೂ ಹೇಳಬೇಕು. ನನ್ನ ತಂಗಿಯ ಮದುವೆಗೆ ಕೊಟ್ಟಾರದ ಚಿಕ್ಕಪ್ಪ ಬರಲಿಲ್ಲ. ಗಡಿಬಿಡಿಯಲ್ಲಿ ಅವರ ಮನೆಯ ಕಾಗದ ಅಂಚೆ ಡಬ್ಬಿಗೆ ಬಿದ್ದಿತ್ತು. ಇವತ್ತಿಗೂ ಅವರು ನನ್ನನ್ನು ಕಂಡರೆ ಮೊದಲು ಕೇಳುವುದು, ‘ನಿಮ್ಮ ಪೋಸ್ಟ್‌ಮ್ಯಾನ್ ಸೌಖ್ಯವಾ?’ ಎಂದು. ನಾನೂ ಸೌಖ್ಯ ಎನ್ನುತ್ತೇನೆ.

ಇಷ್ಟು ಪೆಟ್ಟು ತಿಂದ ಮೇಲೂ ನನ್ನ ತರಗತಿಯವರಿಗೆ ನಾನು ಅಂಚೆಯಲ್ಲಿ ಕಾಗದ ಬರೆಯುವ ಪಾಠ ಇಟ್ಟೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮನೆಯಲ್ಲಿ ಕೂತರೆ ಗೋಡೆಯ ಕ್ಯಾಲೆಂಡರಿನಲ್ಲೂ ತಪ್ಪು ಹುಡುಕುತ್ತೇನೆಂದು ಮನೆಯವರೇ ನನ್ನನ್ನು ಉರ್ವ ಮಾರ್ಕೆಟಿನ ಹತ್ತಿರದ ಮಹಿಳಾ ಮಂಡಲದ ಕೋಣೆಗೆ ಅಟ್ಟಿದರು. ಅಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಕಲಿಸುತ್ತೇನೆ. ಕೋಣೆಯಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ತುಳು ಮಾತಾಡುವವರು, ಉಳಿದವರು ನನ್ನ ಹಾಗೆ ಕೊಂಕಣಿಯವರು. ಕನ್ನಡ ನಮಗೆಲ್ಲ ಹೊರಗೆ ಹೋಗುವಾಗ ಉಡುವ ಸೀರೆ. ಉಟ್ಟಾಗ ಚೆಂದವೇ ಕಾಣುತ್ತೇವೆ, ಆದರೆ ನೆರಿಗೆ ಜಾರೀತೆಂಬ ಹೆದರಿಕೆ ಮಾತ್ರ ಹೋಗುವುದಿಲ್ಲ.

ಅಕ್ಷರ ಕೂಡಿಸಲು ಬಂದ ಮೇಲೆ ಇವರ ಕೈಯಿಂದ ಒಂದು ಇಡೀ ಪುಸ್ತಕ ಓದಿಸಬೇಕೆಂಬ ಹಟ ನನಗೆ. ಕೊಟ್ಟಾರದಲ್ಲಿ ಒಬ್ಬ ಹಿರಿಯ ಲೇಖಕಿ ಇದ್ದರು, ಎಂಬತ್ತು ದಾಟಿದವರು. ಅವರದೊಂದು ಸಣ್ಣ ಕಾದಂಬರಿಯನ್ನು ಆರಿಸಿದೆ. ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಒಬ್ಬ ಸೊಸೆಯ ಕಥೆ ಅದು. ದಿನಕ್ಕೊಬ್ಬರು ಒಂದು ಪುಟ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಕೊನೆಯ ಪುಟದಲ್ಲಿ ಆ ಸೊಸೆ ಬಟ್ಟೆಯ ಗಂಟು ಹಿಡಿದು, ಹೊಳೆ ದಾಟಲು ದೋಣಿಗಾಗಿ ಕಾಯುತ್ತಾ ನಿಂತಿರುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಓದುವ ಸರದಿಯಲ್ಲಿದ್ದವರು, ತರಗತಿಯವರೆಲ್ಲ ಅಣ್ಣ ಎಂದು ಕರೆಯುವವರು, ಪುಟ ತಿರುಗಿಸಿ ನೋಡಿದರು, ರಟ್ಟು ಕಂಡಿತು, ಮತ್ತೆ ಹಿಂದಕ್ಕೆ ತಿರುಗಿಸಿದರು. ಒಂದು ಹಾಳೆ ಕಳೆದುಹೋಗಿದೆ ಎಂದು ನನ್ನನ್ನೇ ಸಂಶಯದಿಂದ ನೋಡಿದರು. ಇವರು ಮೀನುಗಾರಿಕಾ ಬಂದರಿನಲ್ಲಿ ಬೋಟುಗಳಿಗೆ ಮಂಜುಗಡ್ಡೆ ಹೊತ್ತವರು, ಈಗ ಸೊಂಟ ನೋವೆಂದು ಮಗಳ ಅಂಗಡಿ ಕಾಯುವವರು. ನಮ್ಮ ತರಗತಿಗೆ ಇರುವ ಒಬ್ಬನೇ ಗಂಡಸು.

ಹಾಗಾದರೆ ಲೇಖಕಿಯನ್ನೇ ಕೇಳುವ, ಎಲ್ಲರೂ ಒಂದೊಂದು ಕಾಗದ ಬರೆದು ಅಂಚೆಗೆ ಹಾಕುವ ಎಂದೆ ನಾನು. ಒಳ್ಳೆಯ ಪಾಠವಾಯಿತೆಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

‘ಪೋಸ್ಟಿನಲ್ಲಾ?’ ಎಂದು ಬಾಯಮ್ಮ ಪೆನ್ಸಿಲ್ ಕೆಳಗಿಟ್ಟರು. ಫಳ್ನೀರಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಕ್ರಿಸ್ತುವ ಹೆಂಗಸು ಅವರು, ಊರಿನ ರೂಢಿಯಂತೆ ನಮಗೆಲ್ಲ ಬಾಯಮ್ಮ. ‘ಕೊಟ್ಟಾರ ಎಷ್ಟು ದೂರ ಉಂಟು ಟೀಚರ್? ಬಸ್ಸಿನಲ್ಲಿ ಸೀಟು ಸಿಗುವ ಮೊದಲೇ ಇಳೀಬೇಕು. ಅಷ್ಟು ಹತ್ತಿರದವರಿಗೆ ಪೋಸ್ಟಿನಲ್ಲಿ ಹಾಕಿದ್ರೆ ಅವರು ಎಂತ ಗ್ರಹಿಸ್ತಾರೆ?’

‘ದೊಡ್ಡವರಲ್ವಾ,’ ಎಂದರು ಅಣ್ಣ. ‘ಸ್ವಲ್ಪ ಬಾಳೆಹಣ್ಣು ತಕೊಂಡು ಹೋಗುವ. ಕೈಯಲ್ಲೇ ಕೊಟ್ಟು ನಮಸ್ಕಾರ ಮಾಡಿ ಬರುವ.’

‘ಅಲ್ಲಿಗೇ ಹೋಗುವುದಾದ್ರೆ ಬರೆಯುವುದು ಯಾಕೆ? ಬಾಯಲ್ಲೇ ಹೇಳಬಹುದಲ್ಲ,’ ಎಂದೆ.

‘ಅದೇ ನಾವು ಸಹ ಕೇಳೂದು,’ ಎಂದರು ಬಾಯಮ್ಮ.

ನನಗೆ ಸಿಟ್ಟು ಬಂತು. ಇಷ್ಟು ತಿಂಗಳು ಗಂಟಲು ಹರಿದುಕೊಂಡು ಬರಹ ಕಲಿಸಿದ್ದಕ್ಕೆ ಇದು ಫಲ ಎಂದುಕೊಂಡು ಕಪ್ಪು ಹಲಗೆ ಒರೆಸಿ, ಆ ದಿನದ ತರಗತಿ ಮುಗಿಸಿದೆ. ಎಲ್ಲರೂ ಹೋದ ಮೇಲೆ ಒಬ್ಬರು ಉಳಿದರು. ಮಾರ್ಕೆಟಿನ ಬಾಗಿಲಲ್ಲಿ ಮಲ್ಲಿಗೆ ಮಾರುವ ಅಕ್ಕ. ನನ್ನಷ್ಟೇ ವಯಸ್ಸಿನವರು, ತರಗತಿಯಲ್ಲಿ ಹೆಚ್ಚು ಮಾತಾಡುವವರಲ್ಲ.

‘ಟೀಚರ್, ಪೋಸ್ಟಿನಲ್ಲೇ ಹಾಕುವ,’ ಎಂದರು. ‘ನಾವು ಪೋಸ್ಟಿನಲ್ಲಿ ಹಾಕಿದ್ರೆ ಅವರು ಸಹ ಪೋಸ್ಟಿನಲ್ಲೇ ಉತ್ತರ ಬರೀತಾರಲ್ವಾ?’

ಬರೆಯಬಹುದು ಎಂದೆ.

‘ನನ್ನ ಹೆಸರಿಗೆ?’

ಆಗ ತಿಳಿಯಿತು ವಿಷಯ. ಅಕ್ಕನ ಗಂಡ ಬಹಳ ವರ್ಷ ಗಲ್ಫಿನಲ್ಲಿದ್ದವರು. ಆಗ ಫೋನು ಮನೆಮನೆಗೆ ಬಂದಿರಲಿಲ್ಲ, ಕಾಗದಗಳೇ ಬರುತ್ತಿದ್ದವು. ಅಕ್ಕನಿಗೆ ಓದಲು ಬಾರದ್ದರಿಂದ ಎಲ್ಲ ಕಾಗದಗಳೂ ಗಂಡನ ಅಣ್ಣನ ಹೆಸರಿಗೆ. ಆ ಭಾವ ಜಗಲಿಯಲ್ಲಿ ಕೂತು ಕನ್ನಡಕ ಹಾಕಿ ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ, ನಾದಿನಿಯರು, ಪಕ್ಕದ ಮನೆಯವರು ಎಲ್ಲ ಸುತ್ತ ಕೂರುತ್ತಿದ್ದರು. ಗದ್ದೆಯ ವಿಷಯ, ಗೋಡೆಯ ವಿಷಯ, ದನದ ವಿಷಯ ಎಲ್ಲ ಆದ ಮೇಲೆ ಕಟ್ಟಕಡೆಗೆ ಒಂದು ಸಾಲು: ‘ಮನೆಯವಳಿಗೆ ಆರೋಗ್ಯ ನೋಡಿಕೊಳ್ಳಲು ಹೇಳಿ.’ ಭಾವ ಅದನ್ನು ಓದಿ ಕನ್ನಡಕದ ಮೇಲಿಂದ ಇವರನ್ನು ನೋಡುತ್ತಿದ್ದರು. ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಬಾಗಿಲ ಹಿಂದೆ ನಿಂತ ಇವರು ತಲೆ ಆಡಿಸುತ್ತಿದ್ದರು.

‘ಆಮೇಲೆ ಫೋನ್ ಬಂತು, ಕಾಗದ ನಿಂತೇ ಹೋಯ್ತು,’ ಎಂದರು ಅಕ್ಕ. ‘ನನ್ನ ಹೆಸರಿಗೆ ಅಂತ ಒಂದು ಕಾಗದ ಬರ್ಲೇ ಇಲ್ಲ.’

‘ಆಧಾರ್ ಕಾರ್ಡು ಬಂದಿರಬೇಕಲ್ಲ,’ ಎಂದೆ. ನನ್ನ ಬುದ್ಧಿ ಇಂತಹ ಹೊತ್ತಿಗೇ ಹರಿತವಾಗುತ್ತದೆ.

‘ಅದು ಸರ್ಕಾರದ್ದು ಟೀಚರ್, ಎಲ್ಲರಿಗೂ ಬರ್ತದೆ. ನಾನು ಅಂತ ಗೊತ್ತಿದ್ದು ಯಾರಾದ್ರೂ ಬರೆದದ್ದು ಬರ್ಬೇಕು.’

ಗಂಡ ಈಗ ಮನೆಯಲ್ಲೇ ಇದ್ದಾರಲ್ಲ, ಅವರ ಹತ್ತಿರ ಒಂದು ಬರೆಸಬಾರದೇ ಎಂದೆ.

‘ಅವರಾ? ದಿನಾ ಎದುರಿಗೇ ಕೂತಿರ್ತಾರೆ. ಎಂತ ಬರೀತಾರೆ, ಚಾ ಬೇಕು ಅಂತವಾ?’

ಮರುದಿನ ನಾನು ಸರ್ವಾಧಿಕಾರಿಯ ಗತ್ತಿನಲ್ಲಿ ಅಂಚೆಯಲ್ಲೇ ಎಂದು ಸಾರಿದೆ. ಬಾಯಮ್ಮ ‘ಸಾಯ್ಬಾ ಭೊಗೊಸ್’ ಎಂದು ದೇವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿ, ಬರೆಯಲು ಕೂತರು. ಆ ಕಾಗದಗಳ ಸೊಗಸನ್ನು ಏನು ಹೇಳಲಿ. ಕ್ಷೇಮ, ಪ್ರೀತಿಪೂರ್ವಕ ವಂದನೆಗಳು, ಇಂತಿ ತಮ್ಮ ವಿಶ್ವಾಸಿ ಎಂದೆಲ್ಲ ನಾನು ಹಲಗೆಯ ಮೇಲೆ ಬರೆದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಯಮ್ಮ ಪುಸ್ತಕದ ಕಥೆಯ ಸುದ್ದಿಗೇ ಹೋಗಲಿಲ್ಲ. ಅದರಲ್ಲಿ ಸೊಸೆ ಬಂಗುಡೆ ಮೀನಿನ ಸಾರು ಮಾಡುವ ಒಂದು ಪುಟ ಇತ್ತು. ‘ಮೆಣಸು ಅರೆದದ್ದು ಸರಿ, ತೆಂಗಿನಕಾಯಿ ಸರಿ, ಹುಳಿ ಹಾಕಿದ್ದು ಎಲ್ಲಿಯೂ ಕಾಣುವುದಿಲ್ಲ, ಮುಂದಿನ ಸಲ ಗಮನಿಸಿ’ ಎಂದು ಬರೆದರು. ಅಣ್ಣ ಬರೆದದ್ದು ಒಂದೇ ಸಾಲು: ‘ದೋಣಿ ಬಂತೋ ಇಲ್ಲವೋ ತಿಳಿಸಬೇಕು.’ ಅಷ್ಟಕ್ಕೆ ಒಂದು ತರಗತಿ ಪೂರ್ತಿ ತೆಗೆದುಕೊಂಡು, ಬೆವರು ಒರೆಸಿಕೊಂಡರು.

ಮಲ್ಲಿಗೆಯ ಅಕ್ಕನ ಕಾಗದದಲ್ಲಿ ಅವರ ವಿಳಾಸವೇ ಹೆಚ್ಚು. ಮೇಲೊಮ್ಮೆ, ಕೆಳಗೊಮ್ಮೆ, ಸಾಲದ್ದಕ್ಕೆ ನಡುವೆ ಇನ್ನೊಮ್ಮೆ. ಯಾಕೆಂದು ಕೇಳಿದರೆ ‘ಹಾಳೆ ಹರಿದುಹೋದ್ರೆ ಯಾವುದಾದ್ರೂ ಒಂದು ಉಳೀಬೇಕಲ್ಲ’ ಎಂದರು. ವಿಳಾಸಗಳ ಸಂದಿಯಲ್ಲಿ ಬರೆದದ್ದು ಇಷ್ಟು: ‘ನಿಮ್ಮ ಪುಸ್ತಕ ನಾನು ಓದಿದೆ. ಬೇರೆಯವರು ಓದಿ ಹೇಳಿದ್ದು ಮಾತ್ರ ಅಲ್ಲ, ಮನೆಗೆ ಕೊಂಡುಹೋಗಿ ನಾನೇ ಓದಿದೆ. ಆ ಸೊಸೆ ನಿಂತ ಹಾಗೆ ನಾನು ಸಹ ನಿಂತದ್ದು ಉಂಟು. ನನಗೆ ಪೋಸ್ಟಿನಲ್ಲಿ ಉತ್ತರ ಬರೆಯಬೇಕು.’ ತಿದ್ದಲು ಕೆಂಪು ಪೆನ್ನು ತೆಗೆದವಳು ಅದನ್ನು ಮತ್ತೆ ಚೀಲಕ್ಕೆ ಹಾಕಿದೆ. ಎಲ್ಲರ ಕಾಗದಗಳ ಜೊತೆಗೆ ನನ್ನದೊಂದು ಪೀಠಿಕೆಯ ಪತ್ರ ಇಟ್ಟೆ, ಭಾಷೆ ನೋಡಿ ಲೇಖಕಿ ಮೆಚ್ಚಲಿ ಎಂಬ ಆಸೆಯಿಂದ. ಕೆಳಗೆ ನನ್ನ ಫೋನ್ ನಂಬರನ್ನೂ ಬರೆದೆ. ಅದೇ ಎಡವಟ್ಟಾದದ್ದು.

ಕವರು ಹಾಕಲು ಎಲ್ಲರೂ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದರು. ಅಂಚೆ ಡಬ್ಬಿಯೊಳಗೆ ಕವರು ಬಿದ್ದ ಸದ್ದು ಕೇಳಲಿಲ್ಲವೆಂದು ಅಣ್ಣ ಡಬ್ಬಿಯನ್ನು ಎರಡು ಸಲ ತಟ್ಟಿ ನೋಡಿದರು.

ಆಮೇಲೆ ಅಕ್ಕ ಕಾಯತೊಡಗಿದರು. ಮಾರ್ಕೆಟಿನ ಕಡೆಗೂ ಅವರ ಮನೆಯ ಕಡೆಗೂ ಒಬ್ಬರೇ ಪೋಸ್ಟ್‌ಮ್ಯಾನ್. ಮೊದಮೊದಲು ಅಕ್ಕ ‘ಉಂಟಾ?’ ಎಂದು ಕೇಳುತ್ತಿದ್ದರು, ಅವರು ನಿಂತು ಕಟ್ಟು ಬಿಚ್ಚಿ ನೋಡಿ ‘ಇಲ್ಲ’ ಎನ್ನುತ್ತಿದ್ದರು. ಬರಬರುತ್ತಾ ಅವರು ದೂರದಿಂದಲೇ ‘ಇಲ್ಲ ಅಕ್ಕ’ ಎಂದು ಕೈಯಾಡಿಸಿಕೊಂಡು ಹೋಗಲು ಕಲಿತರು. ಅಕ್ಕ ಮಾತ್ರ ದಿನವೂ ಆ ಹೊತ್ತಿಗೆ ಹೂವಿನ ಬುಟ್ಟಿಯ ಹಿಂದೆ ಎದ್ದು ನಿಲ್ಲುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಲೇಖಕಿಯೇ.

‘ನಿಮ್ಮವರ ಕಾಗದಗಳೆಲ್ಲ ಸಿಕ್ಕಿದವು,’ ಎಂದರು. ‘ನನಗೆ ಮರ್ಯಾದೆ ಹೋದ ಹಾಗೆ ಆಯ್ತು ಮಾರಾಯ್ರೆ. ಉರ್ವದವರು ಇಷ್ಟು ಪ್ರೀತಿಯಿಂದ ಬರೆದಿದ್ದಾರೆ, ನಾನು ಕೊಟ್ಟಾರದಲ್ಲಿ ಕೂತು ಪೋಸ್ಟಿನಲ್ಲಿ ಉತ್ತರ ಕಳಿಸುವುದಾ? ಅವರು ಎಂತ ಗ್ರಹಿಸಿಯಾರು? ನಾನೇ ಬರ್ತೇನೆ.’

ನಾನು ಹಿಗ್ಗಿ ಹೀರೇಕಾಯಿಯಾದೆ. ಅಷ್ಟು ದೊಡ್ಡ ಲೇಖಕಿ ನನ್ನ ತರಗತಿಗೆ. ಆ ಹಿಗ್ಗಿನಲ್ಲಿ ‘ಬರಬೇಡಿ, ಬರೆಯಿರಿ’ ಎಂದು ಹೇಳಲು ನೆನಪಾಗಲೇ ಇಲ್ಲ. ನೆನಪಾಗಿದ್ದರೂ ಹೇಳುತ್ತಿದ್ದೆ ಎಂದು ಎದೆ ಮುಟ್ಟಿ ಹೇಳಲಾರೆ. ತರಗತಿಯಲ್ಲಿ ಸುದ್ದಿ ಹೇಳಿದಾಗ ಬಾಯಮ್ಮ ‘ನೋಡಿ, ದೊಡ್ಡವರಿಗೆ ಕ್ರಮ ಗೊತ್ತುಂಟು’ ಎಂದು ನನಗೆ ಸರಿಯಾಗಿ ಕೊಟ್ಟರು. ಅಕ್ಕ ಪುಸ್ತಕ ಮಡಚಿ ಕೂತರು. ಆ ಮುಖ ನೋಡಿ ನನ್ನ ಹಿಗ್ಗು ಅರ್ಧ ಇಳಿಯಿತು.

ಹೇಳಿದ ಸಂಜೆ ಲೇಖಕಿ ಊರುಗೋಲು ಹಿಡಿದು, ರಿಕ್ಷಾದಿಂದ ಇಳಿದು, ನಮ್ಮ ಕಡಿದಾದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದರು. ಬಾಯಮ್ಮ ಹಾಸ್ಟೆಲಿನ ದೊಡ್ಡ ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಅಣ್ಣ ಬಾಳೆಹಣ್ಣು ತಂದಿದ್ದರು. ಚಹಾ ಆದ ಮೇಲೆ ಲೇಖಕಿ ಕಾಗದಗಳನ್ನು ಚೀಲದಿಂದ ತೆಗೆದು ಒಂದೊಂದಕ್ಕೆ ಉತ್ತರ ಹೇಳಲು ಶುರುಮಾಡಿದರು. ಬಾಯಮ್ಮನಿಗೆ, ಹುಳಿ ಬಿಟ್ಟುಹೋದದ್ದು ನಿಜ, ಅಡುಗೆಮನೆಗೆ ತಾನು ಹೋಗುತ್ತಿದ್ದದ್ದೇ ಕಡಿಮೆ ಎಂದರು. ಬಾಯಮ್ಮ ‘ಓದುವಾಗಲೇ ಗೊತ್ತಾಗ್ತದೆ’ ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ದೋಣಿ ಬಂತೋ ಇಲ್ಲವೋ ತನಗೂ ಗೊತ್ತಿಲ್ಲ ಎಂದು ಲೇಖಕಿ ಹೇಳಿದಾಗ ಅಣ್ಣನಿಗೆ ಅದು ನಂಬಿಕೆಯಾಗಲಿಲ್ಲ. ಬರೆದವರಿಗೇ ಗೊತ್ತಿಲ್ಲದಿದ್ದರೆ ಮತ್ತೆ ಯಾರನ್ನು ಕೇಳುವುದು ಎಂದು ಗೊಣಗಿದರು.

ಆಮೇಲೆ ಮೂರು ವಿಳಾಸಗಳ ಕಾಗದ ಹೊರಬಂತು. ಲೇಖಕಿ ಅದನ್ನು ಎತ್ತಿ ಹಿಡಿದು, ‘ಇದು ಯಾರದ್ದು? ಇವರಿಗೆ ಹೇಳಬೇಕಾದ್ದು ನನಗೆ ಸ್ವಲ್ಪ ಹೆಚ್ಚು ಉಂಟು,’ ಎಂದರು.

ಅಕ್ಕ ಎದ್ದು ನಿಂತರು. ‘ಅಮ್ಮ, ಬೇಸರ ಮಾಡ್ಬೇಡಿ. ಹೇಳ್ಬೇಡಿ. ಬರೀರಿ.’

ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

‘ಈಗ ಹೇಳಿದ್ರೆ ಎಲ್ಲರೂ ಕೇಳ್ತಾರೆ,’ ಎಂದರು ಅಕ್ಕ. ‘ನನಗೆ ಬಂದ ಹಾಗೆ ಆಗೂದಿಲ್ಲ.’

ಲೇಖಕಿ ತಮ್ಮ ಬಲಗೈಯನ್ನು ಮೇಜಿನ ಮೇಲಿಂದ ಎತ್ತಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. ಚಹಾದ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದದ್ದು ಯಾಕೆಂದು ನನಗೆ ಆಗ ಹೊಳೆಯಿತು.

‘ಪೆನ್ನು ಹಿಡಿಯದೆ ಎಷ್ಟೋ ವರ್ಷ ಆಯ್ತು,’ ಎಂದರು. ‘ಸಹಿ ಹಾಕಿದ್ರೆ ಬ್ಯಾಂಕಿನವರೇ ಒಪ್ಪುವುದಿಲ್ಲ. ನಾನು ಹೇಳಿದ್ದನ್ನು ಮೊಮ್ಮಗಳು ಟೈಪ್ ಮಾಡ್ತಾಳೆ. ಹಾಗೆ ಮಾಡಿಸಿ ಪೋಸ್ಟಿನಲ್ಲಿ ಹಾಕಿದ್ರೆ ಆಗ್ತದಾ?’

ಅಕ್ಕ ನೆಲ ನೋಡಿದರು. ‘ಆಗೂದಿಲ್ಲ ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ ಆಗ್ತದೆ,’ ಎಂದರು.

ಲೇಖಕಿಗೆ ನಗು ಬಂತು. ಅಕ್ಕ ನಗಲಿಲ್ಲ. ತಮ್ಮ ಚೀಲದಿಂದ ಕಾಪಿ ಬರೆಯುವ ಗೆರೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮುಕ್ಕಾಲು ಭಾಗ ಅವರದೇ ಅ ಆ ಇ ಈ, ಹಿಂದೆ ಕೆಲವು ಹಾಳೆ ಖಾಲಿ. ‘ನನಗೆ ಸಹ ಮೊದಲು ಕೈ ನಡುಗ್ತಿತ್ತು. ಗೆರೆ ಇದ್ರೆ ಸ್ವಲ್ಪ ಸುಲಭ ಆಗ್ತದೆ,’ ಎಂದರು. ಲೇಖಕಿ ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದರು. ಆಗುತ್ತದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಸ್‌ಸ್ಟಾಪಿನವರೆಗೆ ನಾನು ಅಕ್ಕನನ್ನು ಬೈಯುತ್ತಲೇ ಹೋದೆ. ಅಷ್ಟು ಹಿರಿಯರು, ಅಷ್ಟು ಮೆಟ್ಟಿಲು, ನಡುಗುವ ಕೈ, ಎಂತ ಹಟ ನಿಮ್ಮದು ಎಂದೆಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, ‘ಟೀಚರ್, ಅವರು ಬಂದದ್ದು ಎಲ್ಲರಿಗೆ,’ ಎಂದರು. ಬಸ್ಸು ಬಂತು, ಹತ್ತಿದರು. ಮರುದಿನ ನನ್ನ ಮೇಜಿನ ಮೇಲೆ ಒಂದು ಚೆಂಡು ಕಟ್ಟಿದ ಮಲ್ಲಿಗೆ ಇತ್ತು. ಸಿಟ್ಟು ಮುಂದುವರಿಸಬೇಕೆಂದಿದ್ದೆ, ಆದರೆ ಮಲ್ಲಿಗೆ ಮುಡಿದುಕೊಂಡು ಸಿಟ್ಟು ಮಾಡುವುದು ಕಷ್ಟ.

ಮತ್ತೆ ಕಾಯುವುದು ಶುರು. ಈ ಸಲ ನನಗೂ ಆ ರೋಗ ಅಂಟಿತು. ಏನೋ ನೆಪ ಮಾಡಿಕೊಂಡು ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೇ ಮೀನಿಗೆ ಹೋಗುತ್ತಿದ್ದೆ. ಆ ಹೊತ್ತಿಗೆ ಒಳ್ಳೆಯ ಮೀನು ಮುಗಿದಿರುತ್ತದೆ. ಹಳೆ ಬಂಗುಡೆ ತಿಂದು ತಿಂದು ಮನೆಯವರು ನನ್ನ ಕಣ್ಣಿನ ಪರೀಕ್ಷೆ ಮಾಡಿಸುವ ಮಾತಾಡುತ್ತಿದ್ದರು.

ಒಂದು ದಿನ ಪೋಸ್ಟ್‌ಮ್ಯಾನ್ ದೂರದಿಂದ ‘ಇಲ್ಲ ಅಕ್ಕ’ ಎನ್ನಲಿಲ್ಲ. ಮನೆಗೆ ಕೊಡಬೇಕಾದದ್ದನ್ನು ಹಿಡಿದುಕೊಂಡು ನೇರ ಹೂವಿನ ಬುಟ್ಟಿಯ ಹತ್ತಿರ ಬಂದು ಸ್ಕೂಟರ್ ನಿಲ್ಲಿಸಿದರು. ಕವರನ್ನು ಎತ್ತಿ ಹಿಡಿದು ಅಕ್ಕನ ಪೂರ್ತಿ ಹೆಸರನ್ನು ಇಡೀ ಮಾರ್ಕೆಟಿಗೆ ಕೇಳುವ ಹಾಗೆ ಓದಿದರು. ಮತ್ತೆ, ಇಷ್ಟು ದಿನದ ಕಿರಿಕಿರಿಗೆ ಸೇಡು ತೀರಿಸುವವರಂತೆ, ‘ನೀವೇ ಅಲ್ವಾ?’ ಎಂದು ಕೇಳಿದರು.

‘ನಾನೇ,’ ಎಂದರು ಅಕ್ಕ.

ಕೈ ಒರೆಸಿಕೊಂಡರು. ಸ್ಟೂಲಿನ ಮೇಲೆ ಕೂತು, ಕವರಿನ ಅಂಚನ್ನು ಹೂ ಕಟ್ಟುವ ನಾರು ಸೀಳಿದಷ್ಟು ನಾಜೂಕಾಗಿ ಬಿಡಿಸಿದರು. ಗೆರೆ ಪುಸ್ತಕದ ಎರಡು ಹಾಳೆ. ನಾನು ಮೀನಿನ ಚೀಲ ಹಿಡಿದು ಆಚೆ ನಿಂತಿದ್ದೆ. ಅವರ ತುಟಿ ಅಲುಗುತ್ತಿತ್ತು, ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿತ್ತು. ಹೂ ಕೇಳಲು ಬಂದವರು ಕಾದು ಕಾದು ಪಕ್ಕದವರ ಹತ್ತಿರ ಹೋದರು. ಓದಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೆ ಮೊದಲಿನಿಂದ ಮತ್ತೆ ಓದಿದರು. ನನ್ನ ಕಣ್ಣು ತುಂಬಿತು, ಅದನ್ನು ಮಾರ್ಕೆಟಿನ ವಾಸನೆಯ ಮೇಲೆ ಹಾಕಿದೆ. ಹತ್ತಿರ ಹೋಗಿ ಕೈ ಚಾಚಿದರೆ ಅಕ್ಕ ಕವರು ಕೊಟ್ಟರು. ಹಾಳೆಗಳನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು.

ಸಂಜೆ ತರಗತಿಯಲ್ಲಿ ಆ ಕವರು ಕೈಯಿಂದ ಕೈಗೆ ಹೋಯಿತು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ, ಒತ್ತಕ್ಷರಗಳು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಬಾಯಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ‘ನನ್ನದಕ್ಕಿಂತ ಕಡೆ ಉಂಟಲ್ಲ. ಇವರಿಗೆ ಸಹ ಕ್ಲಾಸಿಗೆ ಬರ್ಲಿಕ್ಕೆ ಹೇಳಿ ಟೀಚರ್,’ ಎಂದರು. ಆದರೂ ಕವರನ್ನು ಮುಂದಿನವರಿಗೆ ಕೊಡುವ ಮೊದಲು ಸೆರಗಿನಿಂದ ಒರೆಸಿದರು.

‘ಒಳಗೆ ಎಂತ ಉಂಟು? ದೋಣಿ ಬಂತಂತಾ?’ ಎಂದು ಅಣ್ಣ ಕೇಳಿದರು.

‘ಅದು ನನಗೆ ಬರೆದದ್ದು,’ ಎಂದರು ಅಕ್ಕ.

ಅಣ್ಣ ನನ್ನ ಕಡೆ ನೋಡಿದರು, ನ್ಯಾಯ ಕೊಡಿಸಿ ಎನ್ನುವಂತೆ. ನನಗೇನು ಕಡಿಮೆ ಹೊಟ್ಟೆಯುರಿಯೇ? ಅಕ್ಷರ ಕಲಿಸಿದವಳು ನಾನು, ಅಂಚೆ ಎಂದು ಹಟ ಹಿಡಿದವಳು ನಾನು, ಹಾಳು ಬಂಗುಡೆ ತಿಂದವಳು ನಾನು. ತರಗತಿ ಮುಗಿದ ಮೇಲೆ ಮೆಟ್ಟಿಲಿಳಿಯುತ್ತಾ ಸಲುಗೆಯಿಂದ, ನನಗೆ ಮಾತ್ರ ಹೇಳಬಹುದಲ್ಲ ಎಂದು ಕೇಳಿಯೂ ಕೇಳಿದೆ. ಅಕ್ಕ ನಕ್ಕು ಬೇರೆ ಮಾತು ತೆಗೆದರು. ಮನೆಯಲ್ಲಿ ಗಂಡನಿಗೂ ಓದಿ ಹೇಳಿಲ್ಲವಂತೆ. ಮಧ್ಯಾಹ್ನ ಊಟಕ್ಕೆ ಹೋದಾಗ ಅವರು ಜಗಲಿಯಲ್ಲಿ ಕೂತು ಕಾದಿದ್ದರಂತೆ, ಪೋಸ್ಟ್‌ಮ್ಯಾನ್ ಸುದ್ದಿ ಮೊದಲೇ ತಲುಪಿಸಿದ್ದರು.

‘ಎಂತ ಬರೆದಿದ್ದಾರೆ ಅಂತ ಕೇಳಿದ್ರು ಟೀಚರ್,’ ಎಂದರು ಅಕ್ಕ. ‘ನಿಮಗೆ ಆರೋಗ್ಯ ನೋಡಿಕೊಳ್ಳಲು ಹೇಳಿದ್ದಾರೆ ಅಂದೆ.’

ಗಂಡ ತಲೆ ಆಡಿಸಿದರಂತೆ.